ಲೆಕ್ಕ ಬಿಚ್ಚಿ ತೋರಿಸಿ!

ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯ ಕೇರಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಇರುವುದು ಎರಡೇ ದಾರಿ. ಒಂದು, ಮಕ್ಕಳು ಮರಿ ಕಟ್ಟಿಕೊಂಡು ಗುಳೆ ಹೋಗುವುದು. ಇನ್ನೊಂದು, ಸರ್ಕಾರದ ಕೆಲಸಕ್ಕೆ ಗುದ್ದಲಿ ಹಿಡಿಯುವುದು. ಹೂಳು ಎತ್ತಬೇಕು, ಬದು ಹಾಕಬೇಕು, ಗುಂಡಿ ತೋಡಬೇಕು. ಅಲ್ಲಿ ಬಾಗಿದ ಬೆನ್ನುಗಳು ಯಾರವು ಅಂತ ನಿಮಗೆ ಹೇಳಬೇಕಾಗಿಲ್ಲ. ಹಾಸ್ಟೆಲಿನಲ್ಲಿ ಕೂತು ಓದುತ್ತಿರುವ ನಮ್ಮ ನಿಮ್ಮ ಅವ್ವ ಅಪ್ಪಂದಿರವು.

ಉದ್ಯೋಗ ಖಾತ್ರಿಯ ದಿನಗೂಲಿ 2025ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ 370 ರೂಪಾಯಿ ಆಯಿತು. ನಾವು ಕೇಳುವುದು ಒಂದೇ ಮಾತು: ಈ 370 ಎಲ್ಲಿಂದ ಬಂತು? ಯಾರ ಮನೆಯ ಒಲೆ ನೋಡಿ ಈ ಅಂಕಿ ಬರೆದರು?

2005ರ ಕಾಯ್ದೆಯ 6(1)ನೇ ಕಲಮು ನೋಡಿ. ಕನಿಷ್ಠ ಕೂಲಿ ಕಾಯ್ದೆ ಏನಾದರೂ ಹೇಳಿಕೊಳ್ಳಲಿ, ಕೇಂದ್ರ ಹೇಳಿದ್ದೇ ಕೂಲಿ! ಈ ಕಲಮು ಹಿಡಿದು 2009ರ ಜನವರಿ 1ರಂದು 100 ರೂಪಾಯಿಗೆ ಗೆರೆ ಎಳೆದರು. ರಾಜ್ಯದ ಕನಿಷ್ಠ ಕೂಲಿ ಅದಕ್ಕಿಂತ ಮೇಲಿತ್ತು. ಕೆಲಸಗಾರರ ಪರವಾಗಿ ಕೇಸು ನಡೆಯಿತು. 2011ರ ಸೆಪ್ಟೆಂಬರ್ 23ರಂದು ಕರ್ನಾಟಕ ಹೈಕೋರ್ಟು, ಕನಿಷ್ಠ ಕೂಲಿಗಿಂತ ಕಮ್ಮಿ ಕೊಡುವಂತಿಲ್ಲ ಎಂದಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಓಡಿತು. 2012ರ ಜನವರಿ 23ರಂದು ಅಲ್ಲೂ ತಡೆಯಾಜ್ಞೆ ಸಿಗಲಿಲ್ಲ. ಆದರೇನು? ಗೆದ್ದದ್ದು ಕಾಗದದ ಮೇಲೆ. ಕೂಲಿ ಕನಿಷ್ಠದ ಕೆಳಗೇ ಉಳಿಯಿತು.

ಇದು ಹೊಸ ನ್ಯಾಯವೂ ಅಲ್ಲ. ರಾಜಸ್ಥಾನದ ಬರಗಾಲದ ಕಾಮಗಾರಿಯ ಕೇಸಿನಲ್ಲಿ, 1983ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು: ದುಡಿಸಿಕೊಂಡು ಕನಿಷ್ಠ ಕೂಲಿ ಕೊಡದಿದ್ದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ಬರ ಅನ್ನೋದು ನೆಪ ಆಗಲಾರದು. ಊರ ಗೌಡ ಮಾಡಿಸಿದರೆ ಬಿಟ್ಟಿ ಚಾಕರಿ, ಸರ್ಕಾರ ಮಾಡಿಸಿದರೆ ಯೋಜನೆಯೋ?

ಇನ್ನು ಕೂಲಿ ಏರಿಸುವ ಅಳತೆಗೋಲು. ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಗಂಟು ಹಾಕಿದರು. ಅದರ ಮೂಲ ವರ್ಷ 1986-87. ಅದರೊಳಗಿನ ಮನೆಖರ್ಚು 1983ರ ಸರ್ವೆಯದು. 2025ರ ಮಧ್ಯದವರೆಗೂ ಅದೇ ನಡೆಯಿತು. 1983ರಲ್ಲಿ ಕೇರಿಯ ಮನೆಗೆ ಮೊಬೈಲ್ ಕರೆನ್ಸಿಯ ಖರ್ಚಿತ್ತೆ? ಕಾಲೇಜಿಗೆ ಹೋಗುವ ಮಗಳ ಬಸ್ ಚಾರ್ಜಿತ್ತೆ? ಅಪ್ಪ ಉಂಡ ತಟ್ಟೆ ನೋಡಿ ಮೊಮ್ಮಗನ ಹಸಿವು ಅಳೆದರು!

1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಲೆಕ್ಕ ಕೊಟ್ಟಿತ್ತು. 2700 ಕ್ಯಾಲೊರಿ ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಮುಪ್ಪನ್ನೂ ಸೇರಿಸಿತು. ಈ ಲೆಕ್ಕದಲ್ಲಿ ಗಂಡಾಳು 1, ಹೆಂಡತಿ 0.8, ಮಗು 0.6. ಮುದಿ ತಂದೆತಾಯಿ? ಸೊನ್ನೆ! ಇದರಲ್ಲೂ ಮೋಸ ಇದೆ. ಆದರೆ ಬಿಚ್ಚಿಟ್ಟ ಲೆಕ್ಕದ ಜೊತೆ ಜಗಳ ಆಡಬಹುದು. ಇಲ್ಲದ ಲೆಕ್ಕದ ಜೊತೆ ಹ್ಯಾಗೆ ಜಗಳ ಆಡೋದು? ಮುಪ್ಪಾದ ಬಡವರ ಪಿಂಚಣಿಗೆ ಕೇಂದ್ರದ ಪಾಲು 2007ರಲ್ಲಿ 200 ರೂಪಾಯಿ. 2025ರಲ್ಲೂ, 79 ವಯಸ್ಸಿನವರೆಗೆ, ಅದೇ 200. ಇದಕ್ಕೆ ಯಾವ ಲೆಕ್ಕ?

ಇಂಥದ್ದೇ ಪ್ರಶ್ನೆ ಜರ್ಮನಿಯಲ್ಲಿ ಎದ್ದಾಗ ಅಲ್ಲಿನ ಸಂವಿಧಾನ ನ್ಯಾಯಾಲಯ 2010ರ ಫೆಬ್ರವರಿ 9ರಂದು ತೀರ್ಪು ಕೊಟ್ಟಿತು. ಕೆಲಸವಿಲ್ಲದವರ ಭತ್ಯೆಯ ಮೊತ್ತ ಇಷ್ಟೇ ಇರಬೇಕು ಅನ್ನಲಿಲ್ಲ. ಲೆಕ್ಕ ಕಟ್ಟಿದ ರೀತಿಯೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಚಿಕ್ಕ ಮಕ್ಕಳಿಗೆ ದೊಡ್ಡವರ ಶೇಕಡಾ 60 ಸಾಕು ಅಂತ ಅಂದಾಜಿನಲ್ಲಿ ಬರೆದಿದ್ದರು. ಶಾಲೆಯ ಪುಸ್ತಕದ ಖರ್ಚು ಎಲ್ಲಿ ಅಂತ ಕೋರ್ಟು ಕೇಳಿತು. ಮನುಷ್ಯನ ಘನತೆಗೆ ಬೆಲೆ ಕಟ್ಟುವವರು ಲೆಕ್ಕ ತೋರಿಸಲೇಬೇಕು.

ನಮ್ಮಲ್ಲಿ? 2025ರ ಡಿಸೆಂಬರಿನಲ್ಲಿ ಉದ್ಯೋಗ ಖಾತ್ರಿಯ ಜಾಗಕ್ಕೆ ಹೊಸ ಕಾಯ್ದೆ ತಂದರು. 125 ದಿನ ಎಂದು ತಮಟೆ ಬಾರಿಸಿದರು. ಕೂಲಿಯ ದರ ಬರೆಯುವ ಪೆನ್ನು ಮಾತ್ರ ಕೇಂದ್ರದ ಕೈಲೇ ಉಳಿಯಿತು. ದಿನ ಎಣಿಸಲು ಬರುವವರಿಗೆ ಹಸಿವು ಎಣಿಸಲು ಬರುವುದಿಲ್ಲವೆ?

ನಮ್ಮ ಒತ್ತಾಯ:
1. ಕನಿಷ್ಠ ಕೂಲಿಗಿಂತ ಕಮ್ಮಿಗೆ ಯಾವ ಸರ್ಕಾರಿ ಕೆಲಸವೂ ಬೇಡ.
2. ಕೂಲಿ, ಪಿಂಚಣಿ, ಹಾಸ್ಟೆಲ್ ಊಟದ ಹಣ, ಎಲ್ಲದರ ಲೆಕ್ಕ ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಬರಲಿ.
3. ಬೆಲೆ ಏರಿದಂತೆ ವರ್ಷವರ್ಷವೂ ಪಿಂಚಣಿ ಏರಲಿ.

ಗೆಳೆಯರೆ, ರಜೆಗೆ ಊರಿಗೆ ಹೋದಾಗ ನೋಟ್‌ಬುಕ್ಕು ಹಿಡಿದು ಕೇರಿಯ ಹತ್ತು ಮನೆಗೆ ಹೋಗಿ. ರಾಗಿ, ಜೋಳ, ಬೇಳೆ, ಎಣ್ಣೆ, ಮಾತ್ರೆ, ಬಸ್ಸು, ಸಾಲದ ಬಡ್ಡಿ, ಎಲ್ಲಾ ಬರೆಯಿರಿ. ಕೂಡಿಸಿ. ಆ ಮೊತ್ತ ಹಿಡಿದು ಗ್ರಾಮಸಭೆಯಲ್ಲಿ ಎದ್ದು ನಿಲ್ಲಿ. ನಮ್ಮ ಅವ್ವಂದಿರಿಗೆ ಲೆಕ್ಕ ಗೊತ್ತಿಲ್ಲ ಅಂತ ತಿಳಿದಿದ್ದಾರೆ. ಅವರು ದಿನಾ ಮಾಡುವುದು ಅದನ್ನೇ. ನಾವು ಓದಿದವರು ಅದನ್ನು ಕಾಗದಕ್ಕೆ ಇಳಿಸಬೇಕು, ಅಷ್ಟೆ.

ನಾವು ಕೇಳುತ್ತಿರುವುದು ಭಿಕ್ಷೆ ಅಲ್ಲ. ಬಾಕಿ!