ನಮ್ಮ ಬಸ್ಸುಗಳ ಲೆಕ್ಕ ನಮ್ಮ ಕೈಯಲ್ಲಿರಲಿ



ಈ ಸಂಚಿಕೆಗೆ ನಾನು ಮೊಬೈಲ್ ಚಟದ ಬಗ್ಗೆಯೋ ಪರೀಕ್ಷೆಯ ಭಯದ ಬಗ್ಗೆಯೋ ಬರೆಯುತ್ತೇನೆಂದು ಗೆಳೆಯರು ಅಂದುಕೊಂಡಿದ್ದರು. ನಾನು ಬರೆಯುತ್ತಿರುವುದು ಬಸ್ಸಿನ ಬಗ್ಗೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮುದಗಲ್ ನಿಲ್ದಾಣಕ್ಕೆ ಬಂದು ಹೋಗುವ ಬಸ್ಸುಗಳ ಒಂದು ಕೈಪಿಡಿಯನ್ನು ನಮ್ಮ ಕಾಲೇಜು ಅಚ್ಚು ಹಾಕಿಸಬೇಕು. ಪ್ರತಿ ಬಸ್ಸಿನ ನಂಬರು, ಡಿಪೋ, ಚಾಸಿ ಮಾಡಿದ ಕಂಪನಿ, ಸೀಟುಗಳ ಸಂಖ್ಯೆ, ಓಡುವ ಮಾರ್ಗ, ಇಷ್ಟೂ ಅದರಲ್ಲಿ ಇರಬೇಕು.

ಇಂಥ ಪುಸ್ತಕಗಳು ಇಂಗ್ಲೆಂಡಿನಲ್ಲಿ ಬಹಳ ಹಿಂದಿನಿಂದ ಇವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಯಾನ್ ಅಲನ್ ಎಂಬ ಯುವಕ ಲಂಡನ್ನಿನಲ್ಲಿ ಸದರ್ನ್ ರೈಲ್ವೆಯ ಗುಮಾಸ್ತನಾಗಿದ್ದ. ರೈಲ್ವೆ ಎಂಜಿನ್‌ಗಳ ನಂಬರು, ಹೆಸರು ಕೇಳಿ ಜನ ಕಾಗದ ಬರೆಯುತ್ತಿದ್ದರು. ಒಬ್ಬೊಬ್ಬರಿಗೂ ಉತ್ತರ ಬರೆದು ಸಾಕಾದ ಅವನು ಎಲ್ಲವನ್ನೂ ಒಂದು ಚಿಕ್ಕ ಪುಸ್ತಕ ಮಾಡೋಣವೆಂದ. ಮೇಲಧಿಕಾರಿಗಳಿಗೆ ಆಸಕ್ತಿ ಇರಲಿಲ್ಲ. 1942ರಲ್ಲಿ ಅವನೇ ಅಚ್ಚು ಹಾಕಿಸಿದ. ಪ್ರತಿಗಳೆಲ್ಲ ಬೇಗನೆ ಖರ್ಚಾದವು. ಆಗ ಅವನಿಗೆ 20 ವರ್ಷ, ನಮಗಿಂತ ಮೂರೇ ವರ್ಷ ದೊಡ್ಡವನು. ಮುಂದೆ ಲಂಡನ್ನಿನ ಬಸ್ಸುಗಳಿಗೂ ಅಂಥ ಪುಸ್ತಕಗಳು ಬಂದವು. 1943ರಲ್ಲಿ ಬಸ್‌ಪ್ರೇಮಿಗಳೇ ಸೇರಿ ಪಿಎಸ್‌ವಿ ಸರ್ಕಲ್ ಎಂಬ ಸಂಘ ಕಟ್ಟಿಕೊಂಡರು. ಬಸ್ಸುಗಳ ಪಟ್ಟಿ ಇಡುವುದೇ ಅದರ ಕೆಲಸ.

ಆ ಪುಸ್ತಕಗಳಲ್ಲಿ ಕಥೆ ಇರುವುದಿಲ್ಲ, ಬರೀ ಸಾಲು ಸಾಲು ನಂಬರು. ಸೀಟಿಗೂ ಒಂದು ಸಂಕೇತ ಇದೆ. 'ಬಿ53ಎಫ್' ಎಂದರೆ ಒಂದೇ ಅಂತಸ್ತಿನ ಬಸ್ಸು, 53 ಸೀಟು, ಬಾಗಿಲು ಮುಂದೆ. ಕಲಿತವನಿಗೆ ಅಷ್ಟರಲ್ಲೇ ಇಡೀ ಬಸ್ಸು ಕಾಣುತ್ತದೆ.

ನಮ್ಮ ಬಸ್ಸಿನ ನಂಬರನ್ನೂ ಹಾಗೆ ಓದಬಹುದು. ಕೆಎ-36 ಎಂದರೆ ರಾಯಚೂರು, ಕೆಎ-37 ಕೊಪ್ಪಳ, ಕೆಎ-32 ಕಲಬುರಗಿ, ಕೆಎ-28 ವಿಜಯಪುರ, ಕೆಎ-29 ಬಾಗಲಕೋಟೆ. ಅದರ ಮುಂದೆ 'ಎಫ್' ಅಕ್ಷರ ಇದ್ದರೆ ಅದು ಸಾರಿಗೆ ನಿಗಮದ ಬಸ್ಸು. ಬಸ್ಸಿನ ಮೇಲೆ ವಿಭಾಗ, ಘಟಕದ ಹೆಸರು ಬರೆದಿರುತ್ತಾರೆ. ನಂಬರಿನಲ್ಲಿ ಒಂದು ಜಿಲ್ಲೆ, ಘಟಕ ಇನ್ನೊಂದು ಜಿಲ್ಲೆ ಇದ್ದರೆ ಗಾಡಿ ಬೇರೆ ಕಡೆಯಿಂದ ಬಂದಿರಬೇಕೆಂದು ಊಹಿಸಬಹುದು. ನಾನು ಎಸ್‌ಎಸ್‌ಎಲ್‌ಸಿಯಿಂದ ಒಂದು ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಬರೆದಿಡುತ್ತಿದ್ದೇನೆ. ಅಬ್ಬಾ ಅದನ್ನು ನೋಡಿದಾಗಲೆಲ್ಲ "ಇಸ್ಸೆ ಕ್ಯಾ ಮಿಲ್ತಾ ರೇ ಬೇಟಾ?" ಎನ್ನುತ್ತಾರೆ. ಇದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನನಗೆ ತೋಚಿದ ಉತ್ತರ ಬರೆಯುತ್ತೇನೆ.

ಮೊದಲನೆಯದು, ಇಂಥ ಪುಸ್ತಕಕ್ಕೆ ಮುದಗಲ್‌ನಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ನಾವು ಎರಡು ನಿಗಮಗಳ ಗಡಿಯಲ್ಲಿದ್ದೇವೆ. ಲಿಂಗಸುಗೂರು, ಸಿಂಧನೂರು, ಮಸ್ಕಿ, ಕುಷ್ಟಗಿ ಎಲ್ಲವೂ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿವೆ. ಅದರ ಕೇಂದ್ರ ಕಚೇರಿ ಕಲಬುರಗಿ. ಇಳಕಲ್, ಹುನಗುಂದ ದಾರಿ ಹಿಡಿದರೆ ಬಾಗಲಕೋಟೆ ಜಿಲ್ಲೆ, ಅಲ್ಲಿ ಹುಬ್ಬಳ್ಳಿಯ ವಾಯವ್ಯ ಕರ್ನಾಟಕ ನಿಗಮ. ಇನ್ನೊಂದು ವಿಶೇಷ: ವಿಜಯಪುರ ಜಿಲ್ಲೆ ಕಲ್ಯಾಣ ಕರ್ನಾಟಕದಲ್ಲಿ ಇಲ್ಲ, ಆದರೆ ಅಲ್ಲಿನ ಬಸ್ಸುಗಳು ನಮ್ಮ ನಿಗಮದಲ್ಲೇ ಇವೆ. ಭೂಪಟದ ಗಡಿ ಬೇರೆ, ಬಸ್ಸಿನ ಗಡಿ ಬೇರೆ.

ಈ ಹೆಸರುಗಳ ಹಿಂದೆ ಇತಿಹಾಸವೂ ಇದೆ. ಮುದಗಲ್ ಕೋಟೆಯ ಚರಿತ್ರೆ ನಮಗೆ ಗೊತ್ತು, ಬಸ್ಸಿನ ಚರಿತ್ರೆ ಗೊತ್ತಿಲ್ಲ. ನಮ್ಮ ಊರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1932ರಲ್ಲಿ, ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳಿಂದ ಶುರುವಾಯಿತು. ಆಚೆ ಮೈಸೂರಿನಲ್ಲಿ ಸರ್ಕಾರಿ ಸಾರಿಗೆ ಶುರುವಾದದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳಿಂದ. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಸಾರಿಗೆ ನಿಗಮವಾಯಿತು. 2000ನೇ ಇಸವಿಯಲ್ಲಿ ಅದರಿಂದ ಬೇರೆಯಾಗಿ ನಮ್ಮ ಭಾಗಕ್ಕೆ ಈಶಾನ್ಯ ಕರ್ನಾಟಕ ಸಂಸ್ಥೆ ಬಂತು. 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು. ನಮ್ಮ ನಾನಿ ಚಿಕ್ಕವರಿದ್ದಾಗ ಮುಂದೆ ಮೂತಿ ಚಾಚಿದ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿದ್ದನ್ನು ಈಗಲೂ ಹೇಳುತ್ತಾರೆ. ಆ ಬಸ್ಸು ನಾನಿಯ ಮಾತಿನಲ್ಲಿ ಇದೆ, ಯಾವ ಕಾಗದದಲ್ಲೂ ನಮ್ಮ ಕೈಗೆ ಸಿಗುವಂತಿಲ್ಲ.

ಈಗಿನ ಬಸ್ಸುಗಳೂ ಬಹಳ ದಿನ ಇರುವುದಿಲ್ಲ. ಕೇಂದ್ರದ ನಿಯಮದಂತೆ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ. ಸಾರಿಗೆ ನಿಗಮದ ಬಸ್ಸುಗಳಿಗೂ ಇದು ಅನ್ವಯಿಸುತ್ತದೆ. ನನಗೆ 17 ವರ್ಷ. ಅಂದರೆ ನನ್ನ ವಯಸ್ಸಿನ ಸರ್ಕಾರಿ ಬಸ್ಸು ಇನ್ನು ರಸ್ತೆಯಲ್ಲಿ ಇರುವಂತಿಲ್ಲ. ನಾನು ಒಂದನೇ ತರಗತಿಯಲ್ಲಿ ಹತ್ತಿದ ಬಸ್ಸುಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.

ಎರಡನೆಯದು, ವಾಣಿಜ್ಯದ ವಿದ್ಯಾರ್ಥಿಗಳಿಗೆ ಇದು ಪಾಠವೇ. ಲೆಕ್ಕಶಾಸ್ತ್ರದಲ್ಲಿ ಸ್ಥಿರಾಸ್ತಿ, ಸವಕಳಿ ಓದುತ್ತೇವೆ. ಯಂತ್ರದ ಬೆಲೆ ಇಷ್ಟು, ಬಾಳಿಕೆ ಇಷ್ಟು ವರ್ಷ, ಗುಜರಿ ಬೆಲೆ ಇಷ್ಟು ಎಂದು ಲೆಕ್ಕ ಬಿಡಿಸುತ್ತೇವೆ. ಆ ಯಂತ್ರವನ್ನು ಯಾರೂ ಕಂಡಿಲ್ಲ. ದಿನಾ ಕಣ್ಣೆದುರು ನಿಲ್ಲುವ ಬಸ್ಸೇ ಸ್ಥಿರಾಸ್ತಿ, ಅದೂ ಸಾರ್ವಜನಿಕರ ಹಣದ ಆಸ್ತಿ. ಆಸ್ತಿಯ ವಹಿ ಡಿಪೋದಲ್ಲಿ ಇರುತ್ತದೆ. ಅಂಥದೇ ಒಂದು ವಹಿಯನ್ನು ಪ್ರಯಾಣಿಕರೇ ಇಟ್ಟುಕೊಂಡರೆ ಅದಕ್ಕೆ ಕೈಪಿಡಿ ಎನ್ನುತ್ತಾರೆ. ಖಾತೆ, ಜಮಾ, ಖರ್ಚು, ಬಾಕಿ ಎಂಬ ಪದಗಳು ನಮ್ಮ ಮನೆಯ ಉರ್ದುವಿನಲ್ಲೂ ಇವೆ, ತರಗತಿಯ ಕನ್ನಡದಲ್ಲೂ ಇವೆ. ಲೆಕ್ಕ ಇಡುವ ಕೆಲಸ ಎರಡು ಭಾಷೆಯವರಿಗೂ ಹಳೆಯದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮ ಕಾಲೇಜಿನ ಅರ್ಧ ಹಾಜರಿ ಬಸ್ಸಿನ ಮೇಲೆ ನಿಂತಿದೆ. ಮಾಕಾಪುರ, ನಾಗಲಾಪುರ, ತಲೇಖಾನ ಕಡೆಯಿಂದ ಬರುವವರನ್ನು ಕೇಳಿ ನೋಡಿ. ಮೊದಲ ಪಿಯುಸಿಯಲ್ಲಿ ನಮ್ಮ ಜೊತೆಗಿದ್ದ ಇಬ್ಬರು ಹುಡುಗಿಯರು ಮಧ್ಯಾವಧಿ ರಜೆಯ ನಂತರ ಬರಲೇ ಇಲ್ಲ. ಓದು ಕಷ್ಟವಾಗಿರಲಿಲ್ಲ. ಕತ್ತಲಾದ ಮೇಲೆ ಮನೆ ಮುಟ್ಟುವುದನ್ನು ಮನೆಯವರು ಒಪ್ಪಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಟಿಕೆಟ್ ಹಣದ ಚಿಂತೆ ತಪ್ಪಿದೆ. ಶೂನ್ಯ ಟಿಕೆಟ್ ಹರಿಯಬೇಕಾದರೂ ಮೊದಲು ಬಸ್ಸು ಬರಬೇಕಲ್ಲ.

ಕಳೆದ ವರ್ಷ ಕೆಲವು ಗೆಳೆಯರು ಈ ಬಗ್ಗೆ ಒಂದು ಕಚೇರಿಗೆ ಮನವಿ ಕೊಟ್ಟರು. 'ಬಸ್ಸು ಸರಿಯಾಗಿ ಬರುತ್ತಿಲ್ಲ' ಎಂದು ಬರೆದಿದ್ದರು. ಅಲ್ಲಿದ್ದವರು ಕೇಳಿದ್ದು ಇಷ್ಟೇ: "ಯಾವ ಡಿಪೋದ ಗಾಡಿ? ಎಷ್ಟು ದಿನ ಬಂದಿಲ್ಲ? ತಾರೀಖು ಹೇಳ್ರಿ." ಯಾರ ಹತ್ತಿರವೂ ತಾರೀಖು ಇರಲಿಲ್ಲ. ಮನವಿ ಪತ್ರ ಅಲ್ಲೇ ಉಳಿಯಿತು. 'ಸರಿಯಾಗಿ ಬರುತ್ತಿಲ್ಲ' ಎಂಬುದು ದೂರು. 'ಈ ಘಟಕದ ಸಂಜೆಯ ಬಸ್ಸು 24 ಕೆಲಸದ ದಿನಗಳಲ್ಲಿ ಇಷ್ಟು ದಿನ ಬಂದಿಲ್ಲ' ಎಂದರೆ ಅದು ಲೆಕ್ಕ. ದೂರನ್ನು ಕೇಳಿ ಸುಮ್ಮನಾಗಬಹುದು, ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ.

ಇನ್ನು ಎದುರು ಮಾತುಗಳು. "ಎಲ್ಲಾ ಮೊಬೈಲ್‌ನ್ಯಾಗ ಸಿಗತೈತಿ, ಪುಸ್ತಕ ಯಾಕಲೇ?" ಎಂದು ಗೆಳೆಯನೊಬ್ಬ ಕೇಳಿದ. ಮೊಬೈಲಿನಲ್ಲಿ ಸಿಗುವುದು ಹೆಚ್ಚಾಗಿ ಐರಾವತ, ಅಂಬಾರಿ, ಕಲ್ಯಾಣ ರಥದಂಥ ದೊಡ್ಡ ಬಸ್ಸುಗಳ ಫೋಟೊ. ಹಳ್ಳಿಗೆ ಹೋಗಿ ರಾತ್ರಿ ನಿಂತು ಬೆಳಗ್ಗೆ ನಮ್ಮನ್ನು ಕರೆತರುವ ವಸ್ತಿ ಬಸ್ಸಿನ ಫೋಟೊ ಯಾರು ತೆಗೆಯುತ್ತಾರೆ? ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಮೊಬೈಲಿನಲ್ಲಿ ಹೊಸದು ಬಂದರೆ ಹಳೆಯದು ಅಳಿದುಹೋಗುತ್ತದೆ. ಪುಸ್ತಕ ಅಚ್ಚಾದ ಮರುದಿನವೇ ಹಳತಾಗುತ್ತದೆ ಎಂಬುದು ನಿಜ. ಆದರೆ ಅಢಾವೆ ಪತ್ರಿಕೆಯೂ ಹಾಗೇ ಅಲ್ಲವೇ? 'ಮಾರ್ಚ್ 31ಕ್ಕೆ ಇದ್ದಂತೆ' ಎಂದು ಮೇಲೆ ಬರೆದಿರುತ್ತದೆ. ಏಪ್ರಿಲ್ 1ಕ್ಕೆ ಅದು ಹಳತು, ಆದರೂ ಯಾರೂ ಹರಿದು ಹಾಕುವುದಿಲ್ಲ. ಎರಡು ವರ್ಷದ್ದನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಈ ವರ್ಷದ ಕೈಪಿಡಿಯನ್ನೂ ಐದು ವರ್ಷದ ನಂತರದ್ದನ್ನೂ ಪಕ್ಕದಲ್ಲಿಟ್ಟರೆ ಯಾವ ಹಳ್ಳಿಯ ಬಸ್ಸು ಹೆಚ್ಚಾಯಿತು, ಯಾವುದು ನಿಂತುಹೋಯಿತು ಎಂದು ಒಂದನೇ ತರಗತಿಯ ಮಗುವೂ ಹೇಳೀತು.

ಇನ್ನೊಂದು ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ನಿಲ್ದಾಣದಲ್ಲಿ ನಿಂತು ನಂಬರ್ ಬರೆದುಕೊಳ್ಳುವ ಹುಡುಗನನ್ನು ಜನ ಎರಡು ಸಲ ನೋಡುತ್ತಾರೆ. ಹೆಸರು ಕೇಳಿದ ಮೇಲೆ ಮೂರನೇ ಸಲವೂ ನೋಡುತ್ತಾರೆ. ಅದಕ್ಕಾಗಿ ಬರೆಯುವುದನ್ನು ಬಿಡಬೇಕಿಲ್ಲ. ಬಚ್ಚಿಟ್ಟು ಮಾಡುವ ಕೆಲಸ ಇದಲ್ಲ, ಆದ್ದರಿಂದ ಎಲ್ಲರೆದುರೇ ಮಾಡೋಣ. ಪ್ರಾಂಶುಪಾಲರ ಪತ್ರ ಇರಲಿ, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ ಇರಲಿ, ಮೊದಲು ಕಂಟ್ರೋಲರ್ ಸಾಹೇಬರನ್ನು ಕಂಡು ಒಪ್ಪಿಗೆ ಪಡೆಯೋಣ. ಒಬ್ಬನೇ ಬರೆದರೆ ಅನುಮಾನ. ಕಾಲೇಜಿನ ಹತ್ತು ಹುಡುಗ-ಹುಡುಗಿಯರು ಸೇರಿ ಬರೆದು ಪುಸ್ತಕವನ್ನು ನಿಲ್ದಾಣಕ್ಕೇ ತಂದುಕೊಟ್ಟರೆ ಅದು ಊರಿನ ಕೆಲಸ.

ಕೆಲಸ ಹೇಗೆ ಮಾಡಬಹುದು ಎಂಬುದನ್ನೂ ಯೋಚಿಸಿದ್ದೇನೆ. ನಾಲ್ಕು ವಾರ, ಕಾಲೇಜಿಗೆ ಬರುವಾಗ ಮತ್ತು ಹೋಗುವಾಗ ಮಾತ್ರ, ತಾವು ಹತ್ತಿದ ಬಸ್ಸಿನ ವಿವರವನ್ನು ಪ್ರತಿಯೊಬ್ಬರೂ ಬರೆಯುವುದು. ತರಗತಿ ತಪ್ಪಿಸುವಂತಿಲ್ಲ. ಏಳು ಕಲಂ ಸಾಕು: ತಾರೀಖು, ಬಂದ ಸಮಯ, ನೋಂದಣಿ ನಂಬರು, ಘಟಕ, ಚಾಸಿ ಕಂಪನಿ, ಸೀಟು, ಮಾರ್ಗ. ಡ್ರೈವರ್, ಕಂಡಕ್ಟರ್ ಹೆಸರು ಬೇಡ. ಅವರ ಮೇಲೆ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ, ಬಸ್ಸು ಎಷ್ಟಿವೆ ಎಂಬುದು ಅವರ ಕೈಯಲ್ಲಿ ಇಲ್ಲ. ನಮ್ಮ ಕಣ್ಣಿಗೆ ಕಾಣದ ವಿವರ, ಅಂದರೆ ಬಸ್ಸು ಸೇವೆಗೆ ಬಂದ ವರ್ಷದಂಥದ್ದನ್ನು, ಉಪನ್ಯಾಸಕರೊಬ್ಬರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ.

ಖರ್ಚಿನ ಲೆಕ್ಕ ಹೀಗಿದೆ. ಎ4 ಹಾಳೆ ಮಡಚಿದರೆ ನಾಲ್ಕು ಪುಟ. 32 ಪುಟಕ್ಕೆ ಎಂಟು ಹಾಳೆ, ಎರಡೂ ಮಗ್ಗುಲು ಸೇರಿ 16 ಜೆರಾಕ್ಸ್. ಒಂದಕ್ಕೆ ಒಂದು ರೂಪಾಯಿ ಹಿಡಿದರೆ 16 ರೂಪಾಯಿ, ರಟ್ಟು ಮತ್ತು ಪಿನ್ನಿಗೆ 4 ರೂಪಾಯಿ, ಒಟ್ಟು 20. ನೂರು ಪ್ರತಿಗೆ 2,000 ರೂಪಾಯಿ. ಬೆಲೆ 25 ಇಟ್ಟರೆ 80 ಪ್ರತಿ ಮಾರಿದಾಗ ಹಾಕಿದ ಹಣ ವಾಪಸ್. ಉಳಿದ 20 ಪ್ರತಿಗಳು ಉಚಿತ: ಬಸ್ ನಿಲ್ದಾಣಕ್ಕೆ, ಡಿಪೋಗೆ, ನಮ್ಮ ಗ್ರಂಥಾಲಯಕ್ಕೆ, ಸುತ್ತಲಿನ ಗ್ರಾಮ ಪಂಚಾಯಿತಿಗಳಿಗೆ. ಲಾಭ ಇಲ್ಲ, ನಷ್ಟವೂ ಇಲ್ಲ.

ಮುದಗಲ್ ಮೊಹರಂಗೆ ದೂರದ ಊರುಗಳಿಂದ ಎಲ್ಲ ಜಾತಿ, ಧರ್ಮದ ಜನ ಬರುತ್ತಾರೆ. ಆಗ ನಿಲ್ದಾಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ದಿನಗಳಿಗೆ ಮುಂಚೆ ಮೊದಲ ಆವೃತ್ತಿ ಬಂದರೆ ಕೊಳ್ಳುವವರು ಸಿಗುತ್ತಾರೆ ಎಂದು ನನ್ನ ಅಂದಾಜು.

ನನ್ನ ನೋಟ್‌ಬುಕ್ಕನ್ನು ಈ ಕೆಲಸಕ್ಕೆ ಕೊಡಲು ಸಿದ್ಧನಿದ್ದೇನೆ. ಅಕ್ಷರ ಚೆನ್ನಾಗಿರುವವರು, ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಬಲ್ಲವರು, ಮುಖ್ಯವಾಗಿ ಹಳ್ಳಿಗಳಿಂದ ದಿನಾ ಓಡಾಡುವ ಗೆಳತಿಯರು ಬೇಕು. ಸಂಜೆಯ ಬಸ್ಸಿನ ಕಷ್ಟ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆಸಕ್ತರು ಈ ತಿಂಗಳ ಕೊನೆಯೊಳಗೆ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿ ಹೆಸರು ಬರೆಸಿ. ಹತ್ತು ಹೆಸರು ಸೇರಿದ ದಿನವೇ ಪ್ರಾಂಶುಪಾಲರನ್ನು ಕಾಣೋಣ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ