ಗೀಚಿದ ಹಾಳೆಗೂ ಒಂದು ಮನೆ ಬೇಕು

ಮ್ಯೂಸಿಯಂ ಅಂದ್ರೆ ನಮಗೆ ನೆನಪಾಗೋದು ಹಳೇ ಎಂಜಿನ್ನು, ವಿಮಾನದ ಮಾಡೆಲ್ಲು. ಸಾಹಿತ್ಯಕ್ಕೂ ಮ್ಯೂಸಿಯಂ ಇರುತ್ತಾ? ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿದೆ. ಹೆಸರು 'ಲೆಟರೆನ್‌ಹೌಸ್', ಅಂದ್ರೆ ಸಾಹಿತ್ಯದ ಮನೆ. ರಜೆಯಲ್ಲಿ ಸಂಬಂಧಿಕರ ಮನೆಗೆ ಹೋದಾಗ ನೋಡಿದೆ. ಫ್ಲೆಮಿಶ್ ಲೇಖಕರ ಹಸ್ತಪ್ರತಿ, ಪತ್ರ, ಫೋಟೋಗಳನ್ನು ಅಲ್ಲಿ ಕಾಪಾಡಿದ್ದಾರೆ. ನನಗೆ ಡಚ್ ಬರಲ್ಲ. ಆದರೆ ಒಂದು ಪದ ಹೊಡೆದುಹಾಕಿ ಅದರ ಮೇಲೆ ಇನ್ನೊಂದು ಬರೆದಿದ್ದರೆ, ಆ ಒದ್ದಾಟ ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತೆ.

ಈ ಮನೆಯ ಹಿಂದಿನ ಕಥೆ ನಮಗೆ ಇನ್ನೂ ಹತ್ತಿರದ್ದು. 1830ರಲ್ಲಿ ಬೆಲ್ಜಿಯಂ ಸ್ವತಂತ್ರವಾದಾಗ ಆಡಳಿತ, ಉನ್ನತ ಶಿಕ್ಷಣ ಎಲ್ಲ ಫ್ರೆಂಚ್‌ನಲ್ಲಿ. ಫ್ಲಾಂಡರ್ಸ್ ಜನರ ಮಾತು ಡಚ್ ಆಗಿದ್ದರೂ, ಮೇಲೆ ಬರಬೇಕಂದ್ರೆ ಫ್ರೆಂಚ್ ಬೇಕಿತ್ತು. ಹೆಂಡ್ರಿಕ್ ಕೊನ್ಸಿಯಾನ್ಸ್ ಅವರ ಅಪ್ಪ ಫ್ರಾನ್ಸ್‌ನವರು. ಮಗ ಮಾತ್ರ 1838ರಲ್ಲಿ 'ಫ್ಲಾಂಡರ್ಸಿನ ಸಿಂಹ' ಕಾದಂಬರಿಯನ್ನು ಡಚ್‌ನಲ್ಲೇ ಬರೆದರು. ಕಾನೂನಿನ ಡಚ್ ಪಠ್ಯಕ್ಕೆ ಫ್ರೆಂಚ್‌ನಷ್ಟೇ ಮಾನ್ಯತೆ ಸಿಕ್ಕಿದ್ದು 1898ರಲ್ಲಿ. ಘೆಂಟ್ ವಿಶ್ವವಿದ್ಯಾಲಯ ಡಚ್ ಮಾಧ್ಯಮಕ್ಕೆ ಬದಲಾಗಿದ್ದು 1930ರಲ್ಲಿ. ಬರೀ ಮೂರು ವರ್ಷಕ್ಕೆ, 1933ರಲ್ಲಿ, ಈ ಮ್ಯೂಸಿಯಂ ಶುರುವಾಯ್ತು!

ಅಂದ್ರೆ ಭಾಷೆ ಪೂರ್ತಿ ಗೆಲ್ಲಲಿ, ಆಮೇಲೆ ಕಾಗದ ಎತ್ತಿಡೋಣ ಅಂತ ಅವರು ಕಾಯಲಿಲ್ಲ. ಹಾಗೆ ಬರೆದವರೆಲ್ಲ ಸಾಹಿತ್ಯವನ್ನೇ ಕಸುಬು ಮಾಡಿಕೊಂಡವರೂ ಅಲ್ಲ. ಅಕ್ಷರಗಳನ್ನು ದೊಡ್ಡದು, ಚಿಕ್ಕದು ಮಾಡಿ ಪುಟದ ತುಂಬ ಚೆಲ್ಲಿ ಕವನ ಬರೆದ ಪೌಲ್ ವಾನ್ ಒಸ್ಟಾಯೆನ್ ನಗರಸಭೆಯಲ್ಲಿ ಗುಮಾಸ್ತರಾಗಿದ್ದರು. ಕಾದಂಬರಿಕಾರ ವಿಲ್ಲೆಮ್ ಎಲ್ಸ್‌ಖೋಟ್ ಜಾಹೀರಾತಿನ ವ್ಯವಹಾರ ಮಾಡ್ತಿದ್ದರು. ಲ್ಯಾಬ್ ರೆಕಾರ್ಡ್ ಮಧ್ಯೆ ಕವನ ಗೀಚೋ ನಮ್ಮವರಿಗೂ ಅವರಿಗೂ ಅಷ್ಟೇನೂ ದೂರ ಇಲ್ಲ ಅಲ್ವಾ?

ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಒಂದು ಹಿಂಜರಿಕೆ ಇರುತ್ತೆ: ಒತ್ತಕ್ಷರ ತಪ್ಪುತ್ತೆ, ನಮ್ಮ ಕನ್ನಡ 'ಸಾಹಿತ್ಯ'ದ ಕನ್ನಡ ಅಲ್ಲ, ಅಂತ. ಹಾಗಾಗಿ ಬರೆದದ್ದನ್ನು ನಾವೇ ಡಿಲೀಟ್ ಮಾಡ್ತೀವಿ. 'ಎಲ್ಲ ಡ್ರೈವ್‌ನಲ್ಲಿದೆಯಲ್ಲ' ಅನ್ನಬಹುದು. ಆದರೆ ಡ್ರೈವ್‌ನಲ್ಲಿ ನಾವು ಇಡೋದು ಕೊನೆಯ ಪ್ರತಿ. ಆ ಅಕೌಂಟ್ ಯಾರದ್ದೋ ಒಬ್ಬ ಸೀನಿಯರ್‌ದು. ಅವರು ಪಾಸಾಗಿ ಹೋದರೆ ಪಾಸ್‌ವರ್ಡೂ ಹೋಯ್ತು.

ಅದಕ್ಕೇ ನಮ್ಮ ಸಂಘಕ್ಕೆ ನನ್ನ ಬೇಡಿಕೆ ಒಂದೇ. ಕ್ಲಬ್ ರೂಮಿನ ಬೀರುವಿನಲ್ಲಿ ಒಂದು ಪೆಟ್ಟಿಗೆ ಇಡೋಣ. ನಾಟಕದ ಸ್ಕ್ರಿಪ್ಟು, ಭಿತ್ತಿಪತ್ರ, ಕಾಟು ಹೊಡೆದ ಕವನ, ಎಲ್ಲವೂ ಹೆಸರು, ತಾರೀಖಿನ ಸಮೇತ ಅದರಲ್ಲಿರಲಿ. ಯಾವುದು ಸಾಹಿತ್ಯ, ಯಾವುದು ಅಲ್ಲ ಅನ್ನೋದನ್ನ ಮುಂದೆ ಬರೋ ಜೂನಿಯರ್‌ಗಳು ತೀರ್ಮಾನಿಸಲಿ. ಅವರಿಗೆ ಓದೋಕೆ ಏನಾದ್ರೂ ಉಳಿದಿರಬೇಕು, ಅಷ್ಟೇ.