ಪುಂಡರು ಯಾರು, ದೇಶಭಕ್ತರು ಯಾರು?

ಅಮೆರಿಕದ ಕ್ರಾಂತಿಕಾರರು ದೇಶಭಕ್ತರೋ, ಪುಂಡರ ಗುಂಪೋ? ಉತ್ತರ ಹೇಳುವ ಮೊದಲು ನಾವು ಕೇಳುತ್ತೇವೆ: ಹೆಸರಿಡುವವರು ಯಾರು?

1770ರ ಮಾರ್ಚ್ 5ರಂದು ಬಾಸ್ಟನ್ ಬೀದಿಯಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಮೊದಲು ಬಿದ್ದವನು ಕ್ರಿಸ್ಪಸ್ ಅಟ್ಟಕ್ಸ್. ಆಫ್ರಿಕನ್ ಮತ್ತು ಮೂಲನಿವಾಸಿ ರಕ್ತದ ನಾವಿಕ. ಸೈನಿಕರ ಪರ ನಿಂತ ವಕೀಲ ಜಾನ್ ಆಡಮ್ಸ್, ಆ ಜನರನ್ನು ಪೋಕರಿ ಹುಡುಗರು, ಕರಿಯರು, ಐರಿಶರು, ನಾವಿಕರ ಸಂತೆ ಅಂತ ಕೋರ್ಟಿನಲ್ಲಿ ಜರಿದ. ಮುಂದೆ ಅವನೇ ಅಧ್ಯಕ್ಷನಾದ. ಸತ್ತವನು ಪುಂಡ, ಗದ್ದುಗೆ ಏರಿದವನು ದೇಶಭಕ್ತ!

ಹಿಂಸೆ ನಡೆಯಲಿಲ್ಲವೆ? ನಡೀತು. 1765ರಲ್ಲಿ ಹಚಿನ್ಸನ್ನನ ಮನೆ ಪುಡಿಯಾಯಿತು. 1774ರಲ್ಲಿ ಸುಂಕದ ಅಧಿಕಾರಿಯ ಮೈಗೆ ಡಾಂಬರು ಬಳಿದು ಗರಿ ಅಂಟಿಸಿ ಮೆರೆಸಿದರು. ಇದನ್ನು ನಾವು ಮುಚ್ಚಿಡೋದಿಲ್ಲ. ಆದರೆ ಸದ್ದಿಲ್ಲದ ಹಿಂಸೆಯ ಲೆಕ್ಕ ಯಾರು ಇಟ್ಟರು? 1776ರಲ್ಲಿ ಎಲ್ಲರೂ ಸಮಾನರೆಂದು ಬರೆದ ಜೆಫರ್ಸನ್ ನೂರಾರು ಗುಲಾಮರ ಒಡೆಯ. ಸೇನಾಪತಿ ವಾಷಿಂಗ್ಟನ್ನನ ಗುಲಾಮ ಹ್ಯಾರಿ ಬಿಡುಗಡೆ ಹುಡುಕಿ ಬ್ರಿಟಿಷರ ಕಡೆಗೇ ಓಡಿದ. ಅವನು ಯಾವ ದೇಶಕ್ಕೆ ಭಕ್ತನಾಗಬೇಕಿತ್ತು?

ಯುದ್ಧ ಗೆದ್ದ ಮೇಲೆ, 1786ರಲ್ಲಿ, ಸಾಲದಲ್ಲಿ ಮುಳುಗಿದ ಮ್ಯಾಸಚೂಸೆಟ್ಸ್ ರೈತರು ಕೋರ್ಟುಗಳಿಗೆ ಮುತ್ತಿಗೆ ಹಾಕಿದರು. ಆ ಯುದ್ಧದಲ್ಲಿ ಕಾದಾಡಿದವರೂ ಅವರಲ್ಲಿದ್ದರು. ನಿನ್ನೆಯ ಕ್ರಾಂತಿಕಾರ ಸ್ಯಾಮ್ಯುಯೆಲ್ ಆಡಮ್ಸನೇ ಅವರನ್ನು ಬಗ್ಗುಬಡಿಯಬೇಕೆಂದ.

ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು 1776ರ ಒಡೆಯರಿಗಲ್ಲ, ಕರಿಯರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಜನರಿಗೆ. ನಮ್ಮ ಅಳತೆಗೋಲೂ ಅದೇ. ಪಾಠ ಹೇಳುವ ಮೇಷ್ಟ್ರುಗಳೇ, ಕಲ್ಲು ಯಾರ ಕೈಯಲ್ಲಿತ್ತು ಅಂತಷ್ಟೇ ಮಕ್ಕಳನ್ನು ಕೇಳಬೇಡಿ. ಗೆದ್ದ ಮೇಲೂ ಸಂಕೋಲೆ ಯಾರ ಕಾಲಲ್ಲಿ ಉಳೀತು, ಅದನ್ನು ಕೇಳಿ.